ಅಪ್ಪಣೆಯ ಬೇರು

ಕಳೆದ ವರ್ಷ ನನ್ನನ್ನು ಒಮ್ಮೆ ಬೀಳ್ಕೊಟ್ಟಾಗಿತ್ತು. ಊರವರು ಹಾಡಿದ್ದರು, ಅತ್ತಿದ್ದರು, ಕೆಂಪು ಉಣ್ಣೆಯ ಅಂಚಿನ ಚಾಪೆಯೊಂದನ್ನು ಉಡುಗೊರೆ ಕೊಟ್ಟಿದ್ದರು. ಬೇರಿನ ಪುಡಿಯಿಂದ ಮಾಡುವ ಯಂಗೋನ ಪಾನೀಯದ ಬೋಗುಣಿಯ ಸುತ್ತ ಕೂತು ‘ಇದೊಂದು ಕೊನೆಯದು’ ಎನ್ನುತ್ತ ಎಷ್ಟು ಸಲ ಕೊನೆಯದನ್ನು ಕುಡಿದೆವೋ, ದೋಣಿಯಲ್ಲಿ ಧಕ್ಕೆಗೆ ಬರುವಷ್ಟರಲ್ಲಿ ಹಡಗು ಕೊಲ್ಲಿಯ ಬಾಯಿ ದಾಟಿ ಬಿಳಿ ಚುಕ್ಕೆಯಾಗಿತ್ತು. ಮುಂದಿನ ವಾರ ಬಿರುಗಾಳಿ, ಹಡಗೇ ಬರಲಿಲ್ಲ. ರಾಜಧಾನಿ ಸುವಾದ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ನನಗಾಗಿ ಇಟ್ಟಿದ್ದ ಕೆಲಸ ಇನ್ನೊಬ್ಬರ ಪಾಲಾಯಿತು. ನಾನು ಮತ್ತೆ ಶಾಲೆಯ ವಸತಿಗೆ ಬಂದು, ಬೀಳ್ಕೊಡುಗೆಯ ಚಾಪೆಯನ್ನೇ ಹಾಸಿಕೊಂಡು ಮಲಗಿದೆ.

ಆಮೇಲೆ ಊರಿನಲ್ಲಿ ನನಗೊಂದು ಹೆಸರು ಬಿತ್ತು. “ಹೋಗದೇನೇ ವಾಪಸ್ ಬಂದೋಳು ಲೋಕದಲ್ಲಿ ಇವಳೊಬ್ಬಳೇ” ಎಂದು ಶುರುಮಾಡಿದವಳು ಟೋರಿಕಾ.

ಟೋರಿಕಾ ನನ್ನ ಸೋದರಮಾವನ ಮಗಳು. ಅವಳು ನನಗೆ ಅತ್ತಿಗೆಯಾಗಬೇಕು, ನಾನು ಅವಳಿಗೆ ನಾದಿನಿ. ಈ ಸಂಬಂಧದಲ್ಲಿ ಒಬ್ಬರನ್ನೊಬ್ಬರು ಆಡಿಕೊಳ್ಳುವುದು ಹಕ್ಕು, ಅದಕ್ಕೆ ಮುನಿಸಿಕೊಳ್ಳುವುದು ತಪ್ಪು. ಆ ಹಕ್ಕನ್ನು ಅವಳು ಒಂದು ದಿನವೂ ಪೋಲುಮಾಡಿದವಳಲ್ಲ. ನಾವಿಬ್ಬರೂ, ಊರಿನ ಆರೋಗ್ಯ ಕೇಂದ್ರದ ದಾದಿ ಅಟೇಕಾಳೂ ಒಂದೇ ಓರಗೆಯವರು. ಕಡಲು ಇಳಿದಾಗ ಹವಳದ ದಿಬ್ಬದ ಮೇಲೆ ಸೊಂಟದವರೆಗಿನ ನೀರಿನಲ್ಲಿ ಬಲೆ ಹಿಡಿಯುವುದು ನಮ್ಮ ವಾರದ ವಾಡಿಕೆ. ಬಲೆಯ ಒಂದು ತುದಿ ಟೋರಿಕಾಳದು, ಇನ್ನೊಂದು ನನ್ನದು. ಅಟೇಕಾ ದೂರದಿಂದ ನೀರು ಬಡಿಯುತ್ತ ಮೀನನ್ನು ನಮ್ಮ ಕಡೆಗೆ ಅಟ್ಟುತ್ತಾಳೆ. ತುದಿ ಹಿಡಿದವರಿಗೆ ಬೇರೆ ಕೆಲಸವೇನಿಲ್ಲ, ಅಲುಗದೆ ನಿಲ್ಲಬೇಕು. ಟೋರಿಕಾಳ ಬಾಯಿ ಮುಚ್ಚಿರುತ್ತಿದ್ದುದು ಆಗ ಮಾತ್ರ.

ಸುವಾದ ಪ್ರಯೋಗಾಲಯದ ಅಧಿಕಾರಿ ದೀಪ್‌ಚಂದ್ ಸಾಹೇಬರ ಫೋನು ಬಂದದ್ದು ಮಳೆಗಾಲದ ಕೊನೆಗೆ. ನನ್ನ ಜಾಗಕ್ಕೆ ಬಂದಿದ್ದಾತ ನ್ಯೂಜಿಲೆಂಡಿಗೆ ಹೋಗಿದ್ದನಂತೆ. ಕೆಲಸ ಮತ್ತೆ ಖಾಲಿಯಿತ್ತು. ಸೋಮವಾರ ಬೆಳಗ್ಗೆ ಎಂಟಕ್ಕೆ ನಾನು ಅಲ್ಲಿರಬೇಕೆಂದು ಅವರು ಹೇಳಿದರು. ಆಮೇಲೆ, “ವಿಲಿಮೈನಾ, ಈ ಸಲನೂ ಹಡಗು ತಪ್ಪಿತು ಅಂದ್ರೆ ಮೂರನೇ ಸಲ ನಾನು ಕರೆಯೋಕಾಗಲ್ಲಮ್ಮ. ಮೇಲಿನವರು ನನ್ನನ್ನ ಕೇಳ್ತಾರೆ” ಎಂದರು. ಒಳ್ಳೆಯ ಮನುಷ್ಯ. ಬೈದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲ.

ನಾನು ಕಂದಾವು ದ್ವೀಪದ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬಿರುಗಾಳಿ ಬಂದು ಹೋದ ವರ್ಷಗಳಲ್ಲೆಲ್ಲ ಊರೂರಿನ ಕುಡಿಯುವ ನೀರಿನ ಊಟೆಗಳಿಗೆ ಮಣ್ಣು ನುಗ್ಗಿ ವಿಷಮಜ್ವರ ಬರುತ್ತಿತ್ತು. ಅಟೇಕಾ ನೀರನ್ನು ಸೀಸೆಗೆ ತುಂಬಿ ಹಡಗಿನಲ್ಲಿ ಸುವಾಕ್ಕೆ ಕಳಿಸುತ್ತಿದ್ದಳು. ನೀರು ಕೆಟ್ಟಿದೆ ಎಂಬ ಉತ್ತರ ಬರುವಷ್ಟರಲ್ಲಿ ಅದನ್ನು ಕುಡಿದವರು ಚೇತರಿಸಿಕೊಂಡಿರುತ್ತಿದ್ದರು, ಅಥವಾ ಚೇತರಿಸಿಕೊಳ್ಳದೆ ಹೋಗಿರುತ್ತಿದ್ದರು. ಎರಡನೆಯ ಬಗೆಯವರಲ್ಲಿ ನನ್ನ ತರಗತಿಯ ಒಬ್ಬ ಹುಡುಗಿಯೂ ಇದ್ದಳು. ಊರಿನಲ್ಲೇ ಯಾರು ಬೇಕಾದರೂ ನೀರನ್ನು ನೋಡಿ ತಿಳಿಯುವಂಥ ಪರೀಕ್ಷೆಯ ಸೀಸೆಗಳನ್ನು ತಯಾರಿಸಿ ದ್ವೀಪಗಳಿಗೆಲ್ಲ ಕಳಿಸುವುದು ದೀಪ್‌ಚಂದ್‌ರ ಯೋಜನೆ. ಆ ಕೆಲಸ ನನಗೆ ಬೇಕಿತ್ತು. ಬೇರೆ ಯಾವುದನ್ನೂ ನಾನು ಹಾಗೆ ಬಯಸಿದ್ದಿಲ್ಲ.

ಆದ್ದರಿಂದ ಕಳೆದ ಸಲ ತಪ್ಪಿದ್ದು ಎಲ್ಲಿ ಎಂದು ಕೂತು ಯೋಚಿಸಿದೆ. ಯಂಗೋನವನ್ನು ದೂರುವಂತಿರಲಿಲ್ಲ. ಅದಿಲ್ಲದೆ ನಮ್ಮಲ್ಲಿ ಯಾರೂ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಟೋರಿಕಾಳ ಗಂಡ ಸಕರಾಯನ ದೋಣಿಯಲ್ಲೂ ದೋಷವಿರಲಿಲ್ಲ. ದೋಷವಿದ್ದದ್ದು ಬೋಗುಣಿಗೂ ಹಡಗಿಗೂ ನಡುವಿನ ಅಂತರದಲ್ಲಿ. ಕುಡಿಯುವವರಿಗೆ ಹಡಗು ಕಾಣುತ್ತಿರಲಿಲ್ಲ, ಹಡಗಿನವರಿಗೆ ಕುಡಿಯುವವರು ಕಾಣುತ್ತಿರಲಿಲ್ಲ. ಪ್ರಯೋಗವೊಂದು ಕೆಟ್ಟರೆ ಎಲ್ಲವನ್ನೂ ಒಮ್ಮೆಲೇ ಬದಲಾಯಿಸಬೇಡಿ, ಒಂದನ್ನು ಮಾತ್ರ ಬದಲಾಯಿಸಿ ನೋಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಬೀಳ್ಕೊಡುಗೆಯ ಬೋಗುಣಿಯನ್ನು ಈ ಸಲ ಊರಿನಲ್ಲಿಡದೆ ಧಕ್ಕೆಯ ಮೇಲೆ, ಹಡಗಿನ ಪಕ್ಕದಲ್ಲೇ ಇಡುವುದೆಂದು ತೀರ್ಮಾನಿಸಿದೆ.

ಟೋರಿಕಾಗೆ ಇದು ಹಿಡಿಸಲಿಲ್ಲ. ಮೀನು ಮಾರುವವರ ಹಾಗೆ ಧಕ್ಕೆಯ ಮೇಲೆ ಕೂರುವುದೇ ಎಂದಳು. ಒಂದು ಹೋಗುವಿಕೆಗೆ ಒಂದೇ ಚಾಪೆ, ಇನ್ನೊಂದು ಕೇಳಬೇಡ ಎಂದೂ ಹೇಳಿದಳು. ನಾನು ಎರಡಕ್ಕೂ ಹೂಂ ಎಂದೆ. ಹಾಗೆ ಸುಲಭವಾಗಿ ಒಪ್ಪಿದ್ದು ಅವಳಿಗೆ ಇನ್ನಷ್ಟು ಕಿರಿಕಿರಿಯಾಗಿರಬೇಕು.

ಊರಿನ ಹಿರಿಯರ ಅಪ್ಪಣೆ ಕಷ್ಟವಾಗಲಿಲ್ಲ. ಯಂಗೋನ ಬೇರಿನ ಒಂದು ಕಟ್ಟನ್ನು ಮುಖ್ಯಸ್ಥರ ಮುಂದಿಟ್ಟು, ತಲೆ ತಗ್ಗಿಸಿ ಹೊರಡುವ ಮಾತು ಹೇಳಿದೆ. ಅವರು ಕಟ್ಟನ್ನು ಮುಟ್ಟಿ ಒಪ್ಪಿಕೊಂಡರು. ಎಷ್ಟೋ ಜನರನ್ನು ಕಳಿಸಿದ ಕೈ ಅದು. ಉಳಿದದ್ದು ಗೆಳತಿಯರ ಅಪ್ಪಣೆ. ಅದಕ್ಕೆಂದು ಇನ್ನೊಂದು ಕಟ್ಟನ್ನು ನಾನೇ ಆರಿಸಿ, ಒಳ್ಳೆಯ ಬೇರುಗಳನ್ನು ತೊಳೆದು ಒಣಗಿಸಿ, ಕಾಗದದಲ್ಲಿ ಸುತ್ತಿ ನಾರಿನಿಂದ ಬಿಗಿದೆ. ಮೂವರಲ್ಲಿ ಟೋರಿಕಾಳೇ ಹಿರಿಯಳು. ಅವಳು ಅದನ್ನು ಕೈಯಾರೆ ಎತ್ತಿಕೊಳ್ಳುವವರೆಗೆ ನಾನು ಹೊರಟಂತಲ್ಲ. ಎತ್ತಿಕೊಳ್ಳದಿದ್ದರೂ ಯಾರೂ ನನ್ನನ್ನು ಕಟ್ಟಿಹಾಕುತ್ತಿರಲಿಲ್ಲ ನಿಜ. ಆದರೆ ಹಾಗೆ ಹೋದವಳು ಊರಿಗೆ ಹಿಂದಿರುಗುವಾಗ ಯಾವ ಮುಖ ಹೊತ್ತು ಬರಬೇಕು?

ಶುಕ್ರವಾರ ಬೆಳಗ್ಗೆ ಸಕರಾಯ ನಮ್ಮನ್ನೂ ನನ್ನ ಎರಡು ಪೆಟ್ಟಿಗೆಗಳನ್ನೂ ಚಾಪೆಯ ಸುರುಳಿಯನ್ನೂ ದೋಣಿಯಲ್ಲಿ ತಂದು ಧಕ್ಕೆಗೆ ಇಳಿಸಿದ. ಹಡಗು ಆಗಲೇ ಬಂದು ನಿಂತು ಅಕ್ಕಿ, ಎಣ್ಣೆಯ ಪೀಪಾಯಿ, ತಗಡಿನ ಹಾಳೆಗಳನ್ನು ಇಳಿಸುತ್ತಿತ್ತು. ಮರದ ಬೋಗುಣಿಯನ್ನಿಟ್ಟು ಸಕರಾಯ ಯಂಗೋನದ ಪುಡಿಯನ್ನು ಬಟ್ಟೆಯಲ್ಲಿ ಹಿಂಡತೊಡಗಿದ. ಅಟೇಕಾ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ತಂದಿದ್ದಳು. ನಾನು ಬೇರಿನ ಕಟ್ಟನ್ನು ಟೋರಿಕಾಳ ಮುಂದಿಟ್ಟು, ಹೇಳಬೇಕಾದ ಮಾತನ್ನು ತಪ್ಪಿಲ್ಲದೆ ಹೇಳಿದೆ. ಅವಳು ಕೇಳಿದಳು, ತಲೆದೂಗಿದಳು, ಕಟ್ಟನ್ನು ಮುಟ್ಟಲಿಲ್ಲ.

ಸಕರಾಯ ಮೊದಲ ತೆಂಗಿನ ಚಿಪ್ಪನ್ನು ತುಂಬುತ್ತ ನನ್ನನ್ನು ಕೇಳಿದ: “ಉಬ್ಬರವಾ, ಇಳಿತವಾ?”

“ಇಳಿತ” ಎಂದೆ. ಅರ್ಧ ಚಿಪ್ಪು ಸಾಕಿತ್ತು.

“ನೋಡಿದ್ಯಾ, ಆಗಲೇ ಪಟ್ಟಣದೋಳಾದ್ಲು” ಎಂದಳು ಟೋರಿಕಾ. ತನಗೆ ಉಬ್ಬರವನ್ನೇ ಕೊಡು ಎಂದು ಗಂಡನಿಗೆ ಹೇಳಿ, ಅಂಗೈ ಬಟ್ಟಲಾಗಿಸಿ ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಕುಡಿದಳು.

ಅಷ್ಟರಲ್ಲಿ ತುಂತುರು ಹಿಡಿಯಿತು. ನೆನೆಯುತ್ತ ಕೂರುವುದೇಕೆ, ಹಡಗಿನ ಮೇಲೆ ಟಾರ್ಪಾಲಿನ ನೆರಳಿದೆಯಲ್ಲ ಎಂದವಳು ಟೋರಿಕಾ. ಬೋಗುಣಿಯನ್ನು ಹಡಗಿಗೆ ಇನ್ನೂ ಹತ್ತಿರ ತರುವ ಆ ಸಲಹೆ ನನಗೆ ನನ್ನ ಪ್ರಯೋಗದ ಸುಧಾರಣೆಯಂತೆಯೇ ಕಂಡಿತು. ನಾವು ಬೋಗುಣಿ, ಊಟ, ಬೇರಿನ ಕಟ್ಟು ಎಲ್ಲವನ್ನೂ ಎತ್ತಿಕೊಂಡು ಹಡಗು ಹತ್ತಿ, ಹಿಂಭಾಗದ ಬೆಂಚುಗಳ ನಡುವೆ ನನ್ನ ಚಾಪೆಯನ್ನೇ ಬಿಚ್ಚಿ ಹಾಸಿ ಕೂತೆವು. ಟೋರಿಕಾ ಚಪ್ಪಲಿಯನ್ನು ಧಕ್ಕೆಯ ಕಲ್ಲಿನ ಮೇಲೇ ಬಿಟ್ಟಿದ್ದಳು.

ಎರಡು ಸುತ್ತು ಆಯಿತು. ಕಟ್ಟು ನಮ್ಮಿಬ್ಬರ ನಡುವೆ ಹಾಗೆಯೇ ಬಿದ್ದಿತ್ತು.

“ತಗೋ ಅತ್ತಿಗೆ, ಮುಗಿಸಿಬಿಡು” ಎಂದೆ.

“ಏನವಸರ? ಅಪ್ಪಣೆ ಹೋದ ವರ್ಷಾನೇ ಕೊಟ್ಟಿದ್ದೆ. ಇಟ್ಕೊಳ್ಳೋಕೆ ಬರಲಿಲ್ಲ ನಿಂಗೆ.”

“ಟೋರಿಕಾ, ಸಾಕು ಮಾಡೇ” ಎಂದು ಅಟೇಕಾ ಮೆಲ್ಲಗೆ ಗದರಿದಳು. 

ಟೋರಿಕಾ ಅವಳ ಕಡೆ ನೋಡಲಿಲ್ಲ. “ಬಲೆಯ ಆ ತುದಿ ಯಾರು ಹಿಡೀತಾರೆ? ಅದನ್ನ ಹೇಳು ಮೊದ್ಲು. ಆಮೇಲೆ ತಗೋತೀನಿ.”

ಅಟೇಕಾಳ ತಂಗಿ ಇದ್ದಾಳಲ್ಲ ಎಂದೆ. ಅವಳು ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ ನಿಲ್ಲುತ್ತಾಳೆ, ಮೀನುಗಳು ನಕ್ಕು ಪಕ್ಕದಲ್ಲೇ ಹೋಗುತ್ತವೆ ಎಂದಳು ಟೋರಿಕಾ. ಇನ್ನೊಬ್ಬಳ ಹೆಸರು ಹೇಳಿದೆ. ಅವಳಿಗೆ ಮೊಣಕಾಲು ನೋವು. ಮೂರನೆಯವಳು ಹರಟೆಮಲ್ಲಿ. ಹೀಗೆ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಲೆಯ ತುದಿಗೆ ಬಂದು ನಿಂತು, ಒಬ್ಬೊಬ್ಬರಾಗಿ ತಿರಸ್ಕೃತರಾದರು. ನಾವು ನಗುತ್ತಿದ್ದೆವು. ನಗುವಿನ ಅಡಿಯಲ್ಲಿ ನನಗೆ ಸಿಟ್ಟೂ ಬರುತ್ತಿತ್ತು, ಯಾಕೆಂದರೆ ಅವಳು ತಮಾಷೆ ಮಾಡುತ್ತಿರಲಿಲ್ಲ.

ಹಡಗು ಒಮ್ಮೆ ಕೂಗಿತು. ಆರೋಗ್ಯ ಕೇಂದ್ರಕ್ಕೆ ಹಡಗಿನಲ್ಲಿ ಬಂದ ಔಷಧದ ಪೆಟ್ಟಿಗೆ ಕೆಳಗೆ ಇಳಿದಿದೆಯೇ ನೋಡಬೇಕೆಂದು ಅಟೇಕಾ ಎದ್ದಳು. ನನ್ನನ್ನು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ ಉಸಿರೆಳೆದುಕೊಂಡು ಇಳಿದಳು. ಅವಳ ಬೀಳ್ಕೊಡುಗೆ ಅಷ್ಟೇ. ಪೆಟ್ಟಿಗೆ ಹೊರಲು ಸಕರಾಯನೂ ಹೋದ.

ಎರಡನೆಯ ಕೂಗು ಕೇಳಿದಾಗ ನಾನು ಟೋರಿಕಾಳ ಮುಖ ನೋಡಿದೆ. “ಕೂಗ್ಲಿ ಬಿಡು” ಎಂದು ಅವಳು ತಾನೇ ಚಿಪ್ಪು ತುಂಬಿಕೊಂಡಳು. “ನನ್ನ ಮದುವೆ ಊಟಕ್ಕೆ ಅಂತ ಹಂದಿ ತರಿಸಿದ್ರೆ, ಈ ಹಡಗು ಅದನ್ನ ನನ್ನ ಮೊದಲನೇ ಮಗುವಿನ ನಾಮಕರಣಕ್ಕೆ ತಂದಿತ್ತು. ನಂಗೆ ಇದರ ಬುದ್ಧಿ ಹೇಳಿಕೊಡಬೇಡ.”

ನಮ್ಮ ದ್ವೀಪದಲ್ಲಿ ಎಲ್ಲರೂ ಹೀಗೆಯೇ ಲೆಕ್ಕ ಹಾಕುತ್ತಾರೆ, ಮತ್ತು ಸಾಮಾನ್ಯವಾಗಿ ಲೆಕ್ಕ ಸರಿಯಾಗಿರುತ್ತದೆ. ಮೂರು ಕೂಗಿನ ನಂತರವೂ ಒಂದು ಊಟ ಮಾಡಿ, ಮರೆತುಬಂದದ್ದನ್ನು ತರಲು ಒಬ್ಬನನ್ನು ಮನೆಗೆ ಕಳಿಸುವಷ್ಟು ಸಮಯ ಸಿಗುತ್ತದೆ. ಆದರೆ ಆ ದಿನ ಕಪ್ತಾನ ಹೊಸಬ. ಸಂಜೆಗೆ ತೆಂಕಣ ಗಾಳಿ ಬಲಿಯುವ ಸೂಚನೆಯೂ ಇತ್ತಂತೆ. ಮೂರನೆಯ ಕೂಗಿನ ಬೆನ್ನಿಗೇ ಬೋಗುಣಿಯ ಕಂದು ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಮೂಡಿದವು. ನಾನು ಅದನ್ನು ನೋಡಿ, “ಅತ್ತಿಗೆ, ಹಡಗು ಹೊರಟಿತು” ಎಂದೆ.

“ಗಂಟಲು ಸರಿಮಾಡ್ಕೋತಾ ಇದೆ ಅಷ್ಟೆ.”

ಆಮೇಲೆ ಧಕ್ಕೆಯ ತೆಂಗಿನ ಮರಗಳು ಹಿಂದಕ್ಕೆ ಸರಿಯತೊಡಗಿದವು.

ಟೋರಿಕಾ ಚಿಪ್ಪನ್ನು ಕೈಯಲ್ಲೇ ಹಿಡಿದು ಎದ್ದು ನಿಂತಳು. ಕಂಬಿಯವರೆಗೆ ಓಡಿದಳು. ಧಕ್ಕೆಯ ಅಂಚಿನಲ್ಲಿ ಅಟೇಕಾ ಎರಡೂ ಕೈ ಬಾಯಿಗೆ ಹಿಡಿದಿದ್ದಳು. ಸಕರಾಯ ಹೆಗಲ ಮೇಲಿನ ಪೆಟ್ಟಿಗೆಯನ್ನು ಮೆಲ್ಲನೆ ಇಳಿಸಿ, ಕಲ್ಲಿನ ಮೇಲಿದ್ದ ಹೆಂಡತಿಯ ಚಪ್ಪಲಿಗಳನ್ನು ಎತ್ತಿ ತೋರಿಸಿದ. ಅವನಿಗೂ ಬೇರೇನು ಮಾಡುವುದೆಂದು ತೋಚಿರಲಾರದು.

ಹಡಗಿನ ಕೆಲಸಗಾರನೊಬ್ಬ ಓಡಿಬಂದ. ನೀರು ಇಳಿಯುತ್ತಿದೆ, ಹವಳದ ನಡುವಿನ ದಾರಿಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಆಳ ಸಾಲದು ಎಂದ. ತಿರುಗಿಸಿದರೆ ಮುಂದಿನ ಉಬ್ಬರದವರೆಗೆ ಹೊರಡುವಂತಿಲ್ಲ, ಅಷ್ಟರಲ್ಲಿ ಗಾಳಿ ಬಂದರೆ ಯಾವಾಗ ಎಂದು ಹೇಳಲಾಗದು. ಕಪ್ತಾನರಿಗೆ ಹೇಳಲೋ ಬೇಡವೋ, ಈಗಲೇ ತಿಳಿಸಿ ಎಂದ.

ಟೋರಿಕಾ ನನ್ನ ಕಡೆ ತಿರುಗಿದಳು. ಅವಳು ಕೇಳಿದ್ದರೆ ಹಡಗು ತಿರುಗುತ್ತಿತ್ತು. ಬರಿಗಾಲಿನಲ್ಲಿ, ಒಂದು ಜೊತೆ ಬದಲಿ ಬಟ್ಟೆಯೂ ಇಲ್ಲದೆ ನಿಂತ ಹೆಂಗಸಿಗೆ ಯಾವ ಕಪ್ತಾನ ಇಲ್ಲ ಎನ್ನುತ್ತಾನೆ? ನನಗೆ ಸುವಾದ ಸೋಮವಾರ ಕಣ್ಣೆದುರು ಬಂತು. ಕಳೆದ ವರ್ಷದ ಆ ಬಿಳಿ ಚುಕ್ಕೆಯೂ ಬಂತು. ಅವಳು ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ: “ತಿರುಗಿಸೋದು ಬೇಡ.”

ಕೆಲಸಗಾರ ಅವಳನ್ನು ನೋಡಿದ. ಅವಳು ನನ್ನನ್ನೇ ನೋಡುತ್ತಿದ್ದಳು.

“ಅಂದ್ರೆ, ನನ್ನನ್ನ ಕದ್ಕೊಂಡು ಹೋಗ್ತಿದ್ದೀಯಾ?”

“ಹೌದು.”

ಅವಳು ಕಂಬಿಯ ಮೇಲೆ ಬಾಗಿ, ದಡಕ್ಕೆ ಇನ್ನೂ ಕೇಳಿಸುವಷ್ಟು ಹತ್ತಿರವಿದ್ದಾಗಲೇ ಗಂಡನಿಗೆ ಕೂಗಿ ಹೇಳತೊಡಗಿದಳು: ಒಲೆಯ ಮೇಲೆ ಮರಗೆಣಸು ಇದೆ, ಹಂದಿಗೆ ತೊಟ್ಟಿಯ ನೀರು ಹಾಕಬೇಡ, ಭಾನುವಾರದ ಬಿಳಿ ಅಂಗಿ ಒಗೆದಿಲ್ಲ. ಕೊನೆಗೆ, “ಈ ಕಳ್ಳಿ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋದ್ಲು ಅಂತ ಎಲ್ಲರಿಗೂ ಹೇಳು.”

ಕೊಲ್ಲಿಯ ಬಾಯಿ ದಾಟಿದ ಮೇಲೆ ನಾನು ಬೇರಿನ ಕಟ್ಟನ್ನು ಅವಳ ಕಡೆ ತಳ್ಳಿದೆ. ಈಗಲಾದರೂ ತಗೋ ಎಂದೆ. ಅವಳು ತಲೆಯಾಡಿಸಿದಳು.

“ಈಗ ಹೇಗೆ ತಗೊಳ್ಳಲಿ? ಅಪ್ಪಣೆ ಕೊಡೋದು ಉಳಿಯೋಳು. ಇಲ್ಲಿ ಉಳಿಯೋಳು ಯಾರು, ನೀನೇ ಹೇಳು. ಇಬ್ರೂ ಹೋಗ್ತಾ ಇದೀವಿ.”

ತರ್ಕ ಸರಿಯಾಗಿಯೇ ಇತ್ತು. ಕಟ್ಟನ್ನು ಪೆಟ್ಟಿಗೆಯ ಮೇಲಿಟ್ಟೆ. ತೆರೆದ ಕಡಲು ಬಂದಾಗ ಅವಳಿಗೆ ಹೊಟ್ಟೆ ತೊಳಸಿತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಂಥ ಸ್ಥಿತಿಯಲ್ಲೂ ಅವಳು, ಉಬ್ಬರ ಕುಡಿದದ್ದು ತಪ್ಪಾಯಿತು, ಇಳಿತ ಕೇಳಬೇಕಿತ್ತು ಎಂದು ಗೊಣಗಿದಳು.

ಸುವಾದ ರೈವಂಗಾ ಬಡಾವಣೆಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದದ್ದು ಒಂದು ಕೋಣೆ, ಒಂದು ಒಲೆ, ತಗಡಿನ ಮಾಡು. ಚಾಪೆ ಹಾಸಿದ ಮೇಲೆ ನೆಲ ಉಳಿಯಲಿಲ್ಲ. ಹಡಗು ಕಂದಾವುಗೆ ಮತ್ತೆ ಹೊರಡುವುದು ಗುರುವಾರ. ಅಲ್ಲಿಯವರೆಗೆ ಟೋರಿಕಾ ನನ್ನ ಅತಿಥಿ. ಬೇರಿನ ಕಟ್ಟು ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಶನಿವಾರ ಪೇಟೆಯಲ್ಲಿ ಅವಳಿಗೊಂದು ಜೊತೆ ಚಪ್ಪಲಿ ಕೊಂಡೆವು. ಬಸ್ಸಿನ ತೆರೆದ ಕಿಟಕಿಯಿಂದ ಮಳೆ ಒಳಬಂದಾಗ ಅವಳು, ನಿಮ್ಮ ಪಟ್ಟಣಕ್ಕೆ ಬಾಗಿಲು ಹಾಕಲು ಯಾರೂ ಕಲಿಸಲಿಲ್ಲವೇ ಎಂದು ಪಕ್ಕದ ಅಪರಿಚಿತನನ್ನು ಕೇಳಿದಳು.

ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಪಕ್ಕದ ಲಾಮಿ ಪಟ್ಟಣದಲ್ಲಿರುವ ಅವಳ ಅಣ್ಣನ ಮಗ ಸಿಕ್ಕಿದ. ಸೋಮವಾರ ಅವನ ಮಗುವಿನ ಮೊದಲ ಹುಟ್ಟುಹಬ್ಬ, ನೆಲದೊಲೆಯಲ್ಲಿ ಹಂದಿ ಬೇಯುತ್ತದೆ, ಇಬ್ಬರೂ ಬರಲೇಬೇಕು ಎಂದ. ನನಗೆ ಕೆಲಸವಿದೆ ಎಂದೆ. ಟೋರಿಕಾ ದಾರಿಯುದ್ದಕ್ಕೂ ಅದನ್ನೇ ಹಿಡಿದಳು. ಮೊದಲ ದಿನ ಯಾರು ಕೆಲಸ ಮಾಡುತ್ತಾರೆ, ಮಂಗಳವಾರ ಹೋದರೆ ಏನಾಗುತ್ತದೆ, ನೆಂಟರ ಮನೆಯ ಊಟ ಬಿಟ್ಟವರಿಗೆ ಒಳ್ಳೆಯದಾದದ್ದುಂಟೇ.

“ಸುವಾದ ನೀರು ಒಂದು ದಿನ ಕಾಯಲ್ವಾ?”

“ಕಾಯಲ್ಲ, ಅತ್ತಿಗೆ.”

ಆ ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಗ್ಗೆ ನಾನು ಏಳುವಾಗ ಒಲೆಯ ಮೇಲೆ ಮರಗೆಣಸು ಬೆಂದಿತ್ತು, ನನ್ನ ಅಂಗಿಗೆ ಇಸ್ತ್ರಿಯಾಗಿತ್ತು. ಅವಳು ಹುಟ್ಟುಹಬ್ಬಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತ, ನನ್ನ ಕಡೆ ನೋಡದೆ, ಬಸ್ಸು ತಪ್ಪಿಸಿಕೊಂಡರೆ ಮಾತ್ರ ತನ್ನನ್ನು ದೂರಬೇಡ ಎಂದಳು. ಎಂಟಕ್ಕೆ ಮುಂಚೆಯೇ ನಾನು ಪ್ರಯೋಗಾಲಯದ ಬಾಗಿಲಲ್ಲಿದ್ದೆ. ದೀಪ್‌ಚಂದ್ ಸಾಹೇಬರು ಬಂದು ಬೀಗ ತೆಗೆಯುವಾಗ ನನ್ನನ್ನು ಕಂಡು, ಹಡಗು ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿತು, ಒಬ್ಬರು ಹೆಚ್ಚಾಗಿಯೇ ಸಿಕ್ಕರು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಬುಧವಾರ ಕೆಲಸ ಮುಗಿಸಿ ಹೊರಬರುವಾಗ ಕಾವಲುಗಾರ ಬಾಳೆಲೆಯ ಪೊಟ್ಟಣವೊಂದನ್ನು ಕೊಟ್ಟ. ಮಧ್ಯಾಹ್ನ ಒಬ್ಬ ಹೆಂಗಸು ತಂದಿದ್ದಳು, ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು, ಒಳಗೆ ಹೋಗಮ್ಮ ಎಂದರೆ ಬೇಡ ಎಂದು ಹೊರಟುಹೋದಳು ಎಂದ. ಮೀನು ತಣ್ಣಗಾಗಿತ್ತು. ಬಸ್ಸಿನಲ್ಲೇ ತಿಂದೆ.

ಮನೆಗೆ ಬಂದು, ಅಟೇಕಾಗೆ ಕಳಿಸಲೆಂದು ತಂದಿದ್ದ ಪರೀಕ್ಷೆಯ ಸೀಸೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸುತ್ತ, ಬಳಸುವ ರೀತಿಯನ್ನು ಟೋರಿಕಾಗೆ ಹೇಳಿಕೊಟ್ಟೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಬೇಕು. ಒಳಗಿನ ಕಾಗದ ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬಾರದು.

“ಕಪ್ಪಾದ ನೀರು ಕುಡೀಬಾರ್ದು ಅಂತ ತಿಳಿಯೋಕೆ ಯೂನಿವರ್ಸಿಟಿಗೆ ಹೋಗ್ಬೇಕಿತ್ತಾ?” ಎಂದಳು. ಆದರೆ ಸೀಸೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದಕ್ಕೊಂದು ತಾಗದಂತೆ ನಡುವೆ ನನ್ನ ಹಳೆಯ ಬಟ್ಟೆಯೊಂದನ್ನು ಹರಿದು ತುರುಕಿದಳು. ಕೆಲಸ ಮುಗಿದ ಮೇಲೆ, ಪೆಟ್ಟಿಗೆಯನ್ನೇ ನೋಡುತ್ತ ಹೇಳಿದಳು: “ಇವತ್ತು ಒಂದು ಸೀಸೇನ ಬೆಳಕಿಗೆ ಹಿಡ್ಕೊಂಡು ನಿಂತಿದ್ದೆ ನೀನು. ಬಲೆ ಹಿಡಿದಾಗ ಇರುತ್ತಲ್ಲ ನಿನ್ನ ಮುಖ, ಅದೇ ಮುಖ. ನಾನು ಕರೆದಿದ್ರೂ ನಿಂಗೆ ಕೇಳಿಸ್ತಿರಲಿಲ್ಲ.”

“ಯಾಕೆ ಕರೀಲಿಲ್ಲ?”

“ಬಲೆ ಹಿಡಿದೋಳನ್ನ ಯಾರಾದ್ರೂ ಕರೀತಾರಾ?”

ಗುರುವಾರ ನನಗೆ ಸಿಕ್ಕಿದ್ದು ಊಟದ ಬಿಡುವು ಮಾತ್ರ. ನಾನು ಸುವಾದ ವಾಲು ಬೇ ಧಕ್ಕೆಗೆ ಬರುವಷ್ಟರಲ್ಲಿ ಟೋರಿಕಾ ರಟ್ಟಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಹೊಸ ಚಪ್ಪಲಿ ಕಾಲಲ್ಲಿತ್ತು. ನನ್ನನ್ನು ಕಂಡು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎದ್ದಳು. ಆಮೇಲೆ, ಜನ ಓಡಾಡುವ ಆ ಸಿಮೆಂಟಿನ ನೆಲದ ಮೇಲೆ, ಮೀನು ಮಾರುವವರ ಹಾಗೆ ಎಂದು ತಾನೇ ಹೀಯಾಳಿಸಿದ್ದ ರೀತಿಯಲ್ಲಿ ಮಂಡಿಯೂರಿ ಕೂತಳು. ಚೀಲದಿಂದ ಬೇರಿನ ಕಟ್ಟನ್ನು ತೆಗೆದಳು. ನಾನು ಬಿಗಿದಿದ್ದ ನಾರು ಹಾಗೆಯೇ ಇತ್ತು. ಅದನ್ನು ನನ್ನ ಮುಂದಿಟ್ಟು ತಲೆ ತಗ್ಗಿಸಿದಳು.

“ನಾನು ಬಂದ ದಾರಿ ಹಿಡಿದು ಹೊರಟಿದ್ದೀನಿ. ನಿನ್ನ ಮನೇಲಿ ಉಂಡೆ, ನಿನ್ನ ಚಾಪೆ ಮೇಲೆ ಮಲಗಿದೆ. ಈಗ ಇಲ್ಲಿ ಉಳಿಯೋಳು ನೀನು. ಅಪ್ಪಣೆ ಕೊಡು.”

ಅಷ್ಟು ವರ್ಷಗಳಲ್ಲಿ ಅವಳು ನನ್ನ ಮುಂದೆ ತಲೆ ತಗ್ಗಿಸಿದ್ದು ಅದೊಂದೇ ಸಲ. ಆದರೆ ನಾದಿನಿಯ ಹಕ್ಕನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಎದುರಿಗೆ ಕೂತು, ಕೈ ಚಾಚದೆ ಕೇಳಿದೆ:

“ಬಲೆಯ ಆ ತುದಿ ಯಾರು ಹಿಡೀತಾರೆ? ಅದನ್ನ ಹೇಳು ಮೊದ್ಲು.”

ಅವಳು ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಎಂದಿನದೇ. “ಗೂಟ ಹೊಡೀತೀನಿ. ಗೂಟಕ್ಕೆ ನಿನ್ನಷ್ಟು ಹಟ ಇರಲ್ಲ.”

ನಾನು ಎರಡೂ ಕೈಯಿಂದ ಕಟ್ಟನ್ನು ಎತ್ತಿಕೊಂಡೆ. ಒಪ್ಪಿಕೊಳ್ಳುವ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಿನ್ನ ದಾರಿ ಸುಗಮವಾಗಲಿ, ಕಡಲು ಶಾಂತವಾಗಿರಲಿ, ನಿನ್ನ ಮನೆ ನಿನ್ನನ್ನು ಕಾಯುತ್ತಿರಲಿ. ಇಬ್ಬರೂ ಅಂಗೈ ಬಟ್ಟಲಾಗಿಸಿ ಚಪ್ಪಾಳೆ ತಟ್ಟಿದೆವು. ಬೋಗುಣಿ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಪಕ್ಕದಲ್ಲಿ ಅನಾನಸು ಮಾರುತ್ತಿದ್ದ ಮುದುಕನೂ ಕೆಲಸ ನಿಲ್ಲಿಸಿ ನಮ್ಮ ಜೊತೆ ತಟ್ಟಿದ.

ಅವಳು ಹಡಗು ಹತ್ತಿ ಕಂಬಿಯ ಬಳಿ ನಿಂತಳು. ಹಡಗು ಕೂಗಿತು. ಮತ್ತೆ ಕೂಗಿತು. ಮೂರನೆಯ ಕೂಗೂ ಆಯಿತು. ಹಡಗು ಅಲುಗಲಿಲ್ಲ. ಯಾವುದೋ ಲಾರಿ ಬರಬೇಕಿತ್ತಂತೆ. ಕೈ ಬೀಸಿ ಮುಗಿದಿತ್ತು, ಅತ್ತು ಮುಗಿದಿತ್ತು, ಹೇಳಲು ಏನೂ ಉಳಿದಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಹಂದಿಯ ಕಥೆ ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು, ಅವಳು ನಗಲು ಶುರುಮಾಡಿದಳು, ನಾನೂ ನಕ್ಕೆ. ಧಕ್ಕೆಯ ಗಡಿಯಾರ ನನ್ನ ಬಿಡುವು ಮುಗಿಯುತ್ತ ಬಂದದ್ದನ್ನು ತೋರಿಸುತ್ತಿತ್ತು. ಹಡಗು ಹೊರಡುವವರೆಗೆ ನಿಲ್ಲುವುದೇ ನಮ್ಮ ಪದ್ಧತಿ. ದಡದಲ್ಲಿ ನಿಂತವರು ಮೊದಲು ಬೆನ್ನು ತಿರುಗಿಸುವಂತಿಲ್ಲ. ನಾನು ಗಡಿಯಾರವನ್ನೂ ಅವಳನ್ನೂ ನೋಡಿದೆ.

ಟೋರಿಕಾ ಅದನ್ನು ಕಂಡಳು. ನಗು ನಿಲ್ಲಿಸಿ, ಕಂಬಿಯ ಮೇಲೆ ಬಾಗಿ, ಇಡೀ ಧಕ್ಕೆಗೆ ಕೇಳುವಂತೆ ಕೂಗಿದಳು:

“ಹೋಗೇ ನಾದಿನಿ! ಏನು ನೋಡ್ತಾ ನಿಂತಿದ್ದೀಯಾ? ಕೆಲಸ ಇದೆ ನಿಂಗೆ, ಹೋಗು.”

ಬೇರಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಹೊರಟೆ. ಬಸ್ಸು ನಿಲ್ಲುವ ತಿರುವಿಗೆ ಬಂದಾಗಲೂ ಹಡಗು ಅಲ್ಲೇ ಇದ್ದಿರಬೇಕು. ತಿರುಗಿ ನೋಡಲಿಲ್ಲ, ಬಿಡುವು ಮುಗಿಯುವ ಮುಂಚೆಯೇ ಮೇಜಿನ ಮುಂದೆ ಇದ್ದೆ.